ತೊಂಬತ್ತು ದಾಟಿದ ಮೇಲಿನ ನಡುಕ

ಹಳೆ ಗಾಡಿ ಕೊಳ್ಳಲು ಹೋದಾಗ ನಾನು ಮೊದಲು ನೋಡುವುದು ಗಾಡಿಯನ್ನಲ್ಲ, ಮಾರುವವರ ಕೈಯನ್ನು. ಚಾವಿ ಕೊಡುವಾಗ ಒಂದು ಗಳಿಗೆ ಕೈ ಹಿಂದೆಗೆದರೆ ಗಾಡಿ ಚೆನ್ನಾಗಿದೆ ಎಂದು ಅರ್ಥ. ಚಾವಿ ಕೊಟ್ಟು ಅಂಗೈ ಒರೆಸಿಕೊಂಡರೆ ಬಾಗಿಲು ಕೂಡ ತೆರೆದು ನೋಡದೆ ಎದ್ದು ಬರಬೇಕು. ಸಿಕಂದರಾಬಾದ್ ಸ್ಟೇಷನ್ನಿನ ಹೊರಗೆ ಟ್ಯಾಕ್ಸಿ ತೊಳೆಯುತ್ತ ಹೈದರಾಬಾದಿನಲ್ಲಿ ಕಾಲೂರಿದ ನಾನು ಹಳೆ ಕಾರುಗಳ ದಲ್ಲಾಳಿಯಾಗಿ ಇಷ್ಟು ವರ್ಷ ಉಂಡದ್ದು ಇಂಥ ಸಣ್ಣ ಗುರುತುಗಳನ್ನು ನಂಬಿಕೊಂಡೇ.

ಆದರೆ ಒಂದು ಗಾಡಿ ನನ್ನ ಜಾಣತನವನ್ನೆಲ್ಲ ಚಳಿಗಾಲದುದ್ದಕ್ಕೂ ಅಟ್ಟಾಡಿಸಿತು. ಅದು ಮಾರಲು ತಂದ ಗಾಡಿಯಲ್ಲ, ಮಗಳಿಗೆಂದು ಆರಿಸಿ ತಂದದ್ದು.

ನಮ್ಮ ಮನೆ ಗಚ್ಚಿಬೌಲಿಯ ಹಿಂಬದಿಯ ಒಂದು ಹಳೆ ಅಪಾರ್ಟ್‌ಮೆಂಟಿನಲ್ಲಿ. ಮಗಳಿಗೆ ಕೆಲಸ ಸಿಕ್ಕಿದ್ದು ಶಂಷಾಬಾದಿನಾಚೆಯ ಔಷಧ ಕಾರ್ಖಾನೆಯ ಪ್ರಯೋಗಾಲಯದಲ್ಲಿ. ದಿನವೂ ಹೊರವರ್ತುಲ ರಸ್ತೆ ಹಿಡಿದು ಹೋಗಿ ಬರಬೇಕು. ಆ ರಸ್ತೆಯಲ್ಲಿ ನೂರರ ಆಸುಪಾಸಿಗಿಂತ ನಿಧಾನ ಹೋದರೆ ಹಿಂದಿನವರು ಹಾರ್ನ್ ಹೊಡೆದೇ ಪ್ರಾಣ ತಿನ್ನುತ್ತಾರೆ. ಹಾಗಾಗಿ ನಂಬಿಕೆಯ ಗಾಡಿಯೇ ಬೇಕಾಗಿತ್ತು. ಮೂರು ತಿಂಗಳು ಹುಡುಕಿದ ಮೇಲೆ ನಾರಾಯಣಗೂಡದ ಒಂದು ಹಳೆ ಮನೆಯಲ್ಲಿ ಸಿಕ್ಕಿತು. ಯಜಮಾನರು ತೀರಿಕೊಂಡಿದ್ದರು. ಅವರ ಹೆಂಡತಿ ಚಾವಿ ಕೊಡುವ ಮೊದಲು ಬಾನೆಟ್ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತರು. ನನಗೆ ಬೇಕಾಗಿದ್ದ ಗುರುತು ಅದೇ. "ಆಯನ ಎಪ್ಪುಡೂ ಅರವೈ ದಾಟಲೇದು ಬಾಬೂ," ಎಂದರು ಆಕೆ. ಅವರು ಎಂದೂ ಅರವತ್ತು ದಾಟಿದವರೇ ಅಲ್ಲವಂತೆ. ದಲ್ಲಾಳಿಯ ಕಿವಿಗೆ ಇದಕ್ಕಿಂತ ಒಳ್ಳೆಯ ಮಾತು ಇನ್ನೊಂದಿಲ್ಲ. ಟೈರುಗಳು ಒಣಗಿ ಬಿರುಕು ಬಿಟ್ಟಿದ್ದವು. ಹೊಸವು ಹಾಕಿಸಿ, ಚಕ್ರಗಳಿಗೆ ಬ್ಯಾಲೆನ್ಸಿಂಗ್ ಮಾಡಿಸಿ, ನಾನೇ ನೂರಿಪ್ಪತ್ತರವರೆಗೆ ಓಡಿಸಿ ನೋಡಿದೆ. ಬೆಣ್ಣೆಯ ಮೇಲೆ ಬೆರಳು ಎಳೆದಂತೆ ಹೋಯಿತು.

ದೀಪಾವಳಿ ಅಮಾವಾಸ್ಯೆಗೆ ನಮ್ಮ ಅಕ್ಕ ಗಾಡಿಗೆ ಮೊದಲ ಪೂಜೆ ಮಾಡಿದಳು. ನನ್ನ ಹೆಂಡತಿ ತೀರಿಹೋದಾಗ ಮಗಳಿಗೆ ನಾಲ್ಕು ವರ್ಷ. ಆಗ ಬೀದರ ಕಡೆಯ ನಮ್ಮೂರಿನಿಂದ ಒಂದು ಟ್ರಂಕು ಹಿಡಿದುಕೊಂಡು ಬಂದ ಅಕ್ಕ ಮತ್ತೆ ಊರಿನ ಬಸ್ಸು ಹತ್ತಲಿಲ್ಲ. ಮಗಳನ್ನು ಬೆಳೆಸಿದವಳು ಆಕೆಯೇ. ಪ್ರತಿ ಅಮಾವಾಸ್ಯೆ ಗಾಡಿ ತೊಳೆದು, ಅರಿಷಿಣ ಕುಂಕುಮ ಹಚ್ಚಿ, ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುವುದು ನಮ್ಮ ಕಡೆಯ ವಾಡಿಕೆ. ಆ ದಿನ ವಾಚ್‌ಮನ್ ಕೂಡ ಗಾಡಿ ಮುಟ್ಟಕೂಡದು. ಬೆಳಗಿನ ಜಾವ ಸೆಲ್ಲಾರಿನಲ್ಲಿ, ಅಂದರೆ ಕಟ್ಟಡದ ಕೆಳಗೆ ಗಾಡಿ ನಿಲ್ಲಿಸುವ ಜಾಗದಲ್ಲಿ, ಆಕೆ ನೀರು ಸುರಿಯುವ ಸದ್ದು ಹಾಸಿಗೆಯಲ್ಲಿದ್ದ ನನಗೆ ಕೇಳುತ್ತಿತ್ತು. ನಾನು ಇನ್ನೊಂದು ಮಗ್ಗುಲು ಹೊರಳುತ್ತಿದ್ದೆ.

ಹಬ್ಬ ಮುಗಿದ ಮರುದಿನ ಕೆಲಸದಿಂದ ಬಂದ ಮಗಳು ಚಾವಿಯನ್ನು ಮೊಳೆಗೆ ಹಾಕುತ್ತ, "ಅಪ್ಪಾ, ತೊಂಬತ್ತು ದಾಟಿದ್ರ ಸ್ಟೇರಿಂಗ್ ಥರಾಥರಾ ಅಂತೈತಿ," ಎಂದಳು.

"ರಸ್ತೆ ಹಂಗ ಇರಬೇಕವಾ."

"ರಸ್ತೆ ಎಲ್ಲಾರಿಗೂ ಒಂದ ಐತಲ್ಲಪ್ಪಾ. ಬಾಜೂ ಗಾಡಿಯಾಗಿದ್ದಾಕಿ ಆರಾಮ ಲಿಪ್‌ಸ್ಟಿಕ್ ಹಚ್ಕೊಳ್ಳಾಕತ್ತಿದ್ಳು."

ಮರುದಿನ ಮಧ್ಯಾಹ್ನ ನಾನೊಬ್ಬನೇ ಗಾಡಿ ತೆಗೆದುಕೊಂಡು ಹೋದೆ. ಎರಡು ಗಂಟೆಯ ಬಿಸಿಲಿನಲ್ಲಿ ಹೊರವರ್ತುಲ ರಸ್ತೆ ನೋಡಿದ್ದೀರೋ ಇಲ್ಲವೋ. ಎರಡೂ ಕಡೆ ಬಂಡೆಗಳು, ಅರ್ಧಕ್ಕೆ ನಿಂತ ಕಟ್ಟಡಗಳು. ನಡೆಯುವ ಒಬ್ಬ ಮನುಷ್ಯನೂ ಕಣ್ಣಿಗೆ ಬೀಳುವುದಿಲ್ಲ. ಎಂಬತ್ತು, ಎಂಬತ್ತೈದು, ಏನೂ ಇಲ್ಲ. ತೊಂಬತ್ತು ದಾಟಿ ಮುಳ್ಳು ಇನ್ನೆರಡು ಗೆರೆ ಮೇಲೇರಿತೋ ಇಲ್ಲವೋ, ಸ್ಟೀರಿಂಗಿನ ಒಳಗಿನಿಂದ ಯಾರೋ ಬೆರಳು ಬಡಿಯುವಂತೆ ಶುರುವಾಯಿತು. ಜೋರಾಗಿ ಅಲ್ಲ. ಬಾಗಿಲ ಹೊರಗೆ ನಿಂತವರು ಒಳಗಿನವರಿಗೆ ಎಚ್ಚರವಿದೆಯೇ ಎಂದು ತಿಳಿಯಲು ಬಡಿಯುತ್ತಾರಲ್ಲ, ಅಷ್ಟೇ. ನೂರಾಎಂಟಕ್ಕೆ ಬಡಿತ ತಾನಾಗಿ ನಿಂತಿತು. ವೇಗ ಇಳಿಸುತ್ತ ಬಂದಾಗ ಅದೇ ಜಾಗದಲ್ಲಿ ಮತ್ತೆ ಬಡಿಯಿತು. ತೊಂಬತ್ತೆರಡಕ್ಕೂ ನೂರಾಎಂಟಕ್ಕೂ ನಡುವೆ ಒಂದು ಕೋಣೆ ಇದ್ದಂತೆ, ಆ ಕೋಣೆಯನ್ನು ಹಾಯುವಾಗೆಲ್ಲ ಅಲ್ಲಿ ಯಾರೋ ಕೂತಿರುವಂತೆ.

ಇಂಥ ನಡುಕಕ್ಕೆ ಒಂದು ವಿಚಾರಣೆಯ ಕ್ರಮವಿದೆ. ನೀವೂ ತಿಳಿದುಕೊಂಡಿರಿ, ಮೆಕ್ಯಾನಿಕ್ಕಿನ ಮುಂದೆ ಪೆದ್ದರಾಗುವುದು ತಪ್ಪುತ್ತದೆ. ಸ್ಟೀರಿಂಗ್ ನಡುಗಿದರೆ ಮುಂದಿನ ಚಕ್ರ ನೋಡಿ, ಸೀಟು ನಡುಗಿದರೆ ಹಿಂದಿನದನ್ನು. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಬ್ರೇಕಿನ ಡಿಸ್ಕ್ ಸೊಟ್ಟಗಾಗಿದೆ. ಆಕ್ಸಿಲರೇಟರ್ ಒತ್ತಿದಾಗ ನಡುಗಿ, ಕಾಲು ತೆಗೆದೊಡನೆ ನಿಂತರೆ ಆಕ್ಸಲ್ ಸವೆದಿದೆ. ಇವು ಯಾವುವೂ ಅಲ್ಲದೆ, ವೇಗಕ್ಕೆ ಮಾತ್ರ ನಡುಗಿದರೆ ಚಕ್ರದ ತೂಕ ಒಂದು ಕಡೆಗೆ ಜಾಸ್ತಿಯಾಗಿದೆ. ಚಕ್ರವನ್ನು ಮಷಿನ್ನಿಗೆ ಹಾಕಿ ತಿರುಗಿಸಿದರೆ ಎಲ್ಲಿ ಎಷ್ಟು ಗ್ರಾಂ ಕಡಿಮೆ ಬಿದ್ದಿದೆ ಎಂದು ಅದೇ ತೋರಿಸುತ್ತದೆ. ಅಲ್ಲಿ ಅಷ್ಟು ತೂಕದ ಸೀಸದ ತುಂಡನ್ನು ಚಕ್ರದ ಅಂಚಿಗೆ ಕಚ್ಚಿಸುತ್ತಾರೆ. ಕಿರುಬೆರಳಿನಷ್ಟು ತುಂಡು. ಅದರ ಮೈಮೇಲೆ ಎಷ್ಟು ಗ್ರಾಂ ಎಂಬ ಅಂಕಿ ಅಚ್ಚಾಗಿರುತ್ತದೆ.

ಟೈರು ಹಾಕಿದ ಅಂಗಡಿಗೇ ಹೋಗಿ ಜಗಳ ತೆಗೆದೆ. ಮುಂದಿನ ಎಡಚಕ್ರದ ಅಂಚಿನಲ್ಲಿ ಕಚ್ಚಿಸಿದ್ದ ಹತ್ತು ಗ್ರಾಮಿನ ಸೀಸ ಮಾಯವಾಗಿತ್ತು. ಉಳಿದ ಮೂರು ಚಕ್ರಗಳ ಸೀಸದ ತುಂಡುಗಳು ಒಳಮೈಗೆ ಇದ್ದವು, ಅವು ಇದ್ದಲ್ಲಿಯೇ ಇದ್ದವು. ಗುಂಡಿಯಲ್ಲಿ ಇಳಿಸಿರುತ್ತೀರಿ ಸೇಠ್, ಬಿದ್ದಿರುತ್ತದೆ ಎಂದು ಹಿಂದಿಯಲ್ಲಿ ಅಂದ ಅಂಗಡಿಯವ. ಹಳೆ ಸೀಸ ಹಾಕಿ ಹೊಸದರ ದುಡ್ಡು ತಗೊಂಡಿದ್ದೀಯ ಎಂದು ನಾಲ್ಕು ಜನ ಕೇಳುವಂತೆ ಅಂದೆ. ಅವನು ಬಿಟ್ಟಿ ಮಾಡಿಕೊಟ್ಟ. ಈ ಸಲ ಮಷಿನ್ ಹದಿನೈದು ಕೇಳಿತು. ಗೆದ್ದೆನೆಂದು ಮೀಸೆ ತಿರುವಿಕೊಂಡು ಮನೆಗೆ ಬಂದೆ.

ತಿಂಗಳು ತುಂಬಲಿಲ್ಲ, ಮತ್ತೆ ಅದೇ ಮಾತು.

"ಅಪ್ಪಾ, ಈ ಸಲ ಕನ್ನಡಿನೂ ನಡಗಾಕತ್ತೈತಿ. ಹಿಂದಿನ ಗಾಡಿ ಒಂದ ಇದ್ರ ಎರಡು ಕಾಣಸತೈತಿ."

ಹೋಗಿ ನೋಡಿದೆ, ನಿಜ. ಹಿಂದೆ ನೋಡುವ ಕನ್ನಡಿಯಲ್ಲಿ ನನ್ನ ಹಣೆಯೇ ಎರಡಾಗಿ ಕಂಡಿತು. ಒಂದು ನನ್ನದು, ಅದರ ಪಕ್ಕದಲ್ಲಿ ಸ್ವಲ್ಪ ಮಸುಕಾಗಿ ಇನ್ನೊಂದು. ಪಕ್ಕದ ಸೀಟಿನಲ್ಲಿಟ್ಟ ನೀರಿನ ಬಾಟಲಿಯೊಳಗೆ ನೀರು ಬಳೆಬಳೆಯಾಗಿ ಕುಣಿಯುತ್ತಿತ್ತು. ಬೇಡವೆಂದರೂ ಆ ನಾರಾಯಣಗೂಡದ ಹೆಂಗಸಿನ ಮಾತು ನೆನಪಾಯಿತು. ಅವರು ಎಂದೂ ಅರವತ್ತು ದಾಟಿದವರಲ್ಲ. ಥೂ ಎಂದು ನನ್ನನ್ನೇ ಬೈದುಕೊಂಡೆ. ಸತ್ತವರ ಮನೆಯಿಂದ ಎಷ್ಟು ಗಾಡಿ ತಂದು ಎಷ್ಟು ಮಾರಿಲ್ಲ ನಾನು!

ಈ ಸಲ ಬೇರೆ ಅಂಗಡಿಗೆ ಹೋದೆ. ನನ್ನ ಸ್ವಭಾವವೇ ಹಾಗೆ, ಒಂದೇ ಕಡೆ ಎರಡು ಸಲ ಹೋದರೆ ಚೌಕಾಸಿಯ ಹಿಡಿತ ಹೋಗುತ್ತದೆ ಎಂಬ ಲೆಕ್ಕ. ಅಲ್ಲಿಯ ಮಿಸ್ತ್ರಿ ಚಕ್ರ ನೋಡಿ ಹಲ್ಲು ಕಿರಿದ. "ಪೈಲೇ ಜಿಸ್ನೇ ಕರಾ, ಉಸೀನೇ ಬಿಗಾಡಾ ಸಾಬ್." ಮೊದಲು ಮಾಡಿದವನೇ ಕೆಡಿಸಿದ್ದಾನೆ ಎಂದು. ಮೊದಲಿನವನ ಮೇಲೆ ಹೇಳಿದರೆ ನಾನು ಖುಷಿಯಾಗುತ್ತೇನೆ ಎಂದು ಅವನಿಗೆ ಗೊತ್ತಾಗಿತ್ತು, ನಾನೂ ಖುಷಿಯಾದೆ. ಇಲ್ಲಿಯೂ ಎಡಚಕ್ರದ ಸೀಸ ಇರಲಿಲ್ಲ. ಮಷಿನ್ ಇಪ್ಪತ್ತು ಕೇಳಿತು, ಹಾಕಿಸಿದೆ. ಜೊತೆಗೆ ಚಕ್ರದ ಬೇರಿಂಗು, ಬಾಲ್ ಜಾಯಿಂಟು ಎಲ್ಲ ಎತ್ತಿ ಅಲುಗಾಡಿಸಿ ನೋಡಿಸಿದೆ. ಎಲ್ಲಿಯೂ ಸಡಿಲವಿಲ್ಲ. ಸಡಿಲವಿಲ್ಲದ ಕಡೆ ನಡುಕ ಎಲ್ಲಿಂದ ಬರುತ್ತದೆ?

ಎಳ್ಳ ಅಮಾವಾಸ್ಯೆಗೆ ಅಕ್ಕ ಸಜ್ಜಿರೊಟ್ಟಿ, ಭಜ್ಜಿ, ಕಡಬು ಮಾಡಿದ್ದಳು. ಹೊಲವಿಲ್ಲದ ಊರಿನಲ್ಲಿ ಹೊಲದ ಹಬ್ಬವನ್ನು ಟೆರೇಸಿನ ಮೇಲೆ ನೀರಿನ ಟ್ಯಾಂಕಿನ ನೆರಳಲ್ಲಿ ಕೂತು ಉಂಡೆವು. ಮರುದಿನ ಮಗಳು ಕಾರ್ಖಾನೆಯಿಂದ ಫೋನ್ ಮಾಡಿದಳು. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

"ಅಪ್ಪಾ, ಸ್ಟೇರಿಂಗ್ ಕೈಯಾಗ ನಿಲ್ಲವಲ್ದು. ಬಾಜೂ ಲಾರಿ ಇತ್ತು. ನನಗ ಅಂಜಿಕಿ ಬಂತು."

ಅವತ್ತು ಅವಳು ಬಸ್ಸಿನಲ್ಲಿ ಬಂದಳು. ಗಾಡಿಯನ್ನು ನಾನು ಹೋಗಿ ತಂದೆ, ಎಂಬತ್ತು ದಾಟದೆ, ಎಡಬದಿಯಲ್ಲಿ, ಹಿಂದಿನವರೆಲ್ಲ ಹಾರ್ನ್ ಹೊಡೆಯುತ್ತಿದ್ದರೂ. ಗಾಡಿ ಸಾಧುವಿನಂತೆ ಬಂತು. ಆ ಸಾಧುತನವೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಮನೆಗೆ ಬಂದವನು ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತೆ. ರಿಪೇರಿ ಮಾಡಿಸಿದ ದಿನಕ್ಕೆ ಪೆನ್ಸಿಲಿನ ಗೀಟು ಹಾಕುವುದು ನನ್ನ ಅಭ್ಯಾಸ. ಗ್ಯಾರಂಟಿ ಕೇಳುವಾಗ ಅನುಕೂಲ, ನೀವೂ ಮಾಡಿ. ಹಿಂದಿನ ಹಾಳೆಗಳನ್ನು ಮಗುಚಿದೆ. ಮೊದಲ ಗೀಟಿನ ಹಿಂದೆ ಎರಡು ಮನೆಯಾಚೆ ಅಮಾವಾಸ್ಯೆಯ ಕಪ್ಪು ಚುಕ್ಕೆ ಇತ್ತು. ಎರಡನೆಯದರ ಹಿಂದೆಯೂ ಕಪ್ಪು ಚುಕ್ಕೆ. ನಿನ್ನೆಯ ಎಳ್ಳ ಅಮಾವಾಸ್ಯೆ ಮೂರನೆಯದು. ನಡುಕ ಒಂದು ಸಲವೂ ಹುಣ್ಣಿಮೆಗೆ ಬಂದಿರಲಿಲ್ಲ, ಒಂದು ಸಲವೂ ದಶಮಿ ಏಕಾದಶಿಗೆ ಬಂದಿರಲಿಲ್ಲ.

ಕುಕ್ಕರಿನ ಸೀಟಿ ಕೂಗಿತು. ನಾನು ಬೆಚ್ಚಿಬಿದ್ದೆ.

"ಏನ ನೋಡಾಕತ್ತೀಯೋ ತಮ್ಮಾ?" ಎಂದಳು ಅಕ್ಕ.

"ಏನಿಲ್ಲಕ್ಕಾ, ಗ್ಯಾಸ್ ಯಾವಾಗ ಬಂತು ಅಂತ."

ಸುಳ್ಳು ಹೇಳಿದೆ. ಹೇಳಿದ್ದರೆ ಆಕೆ ಹೆದರಿಯಾಳು ಎಂದು. ಅಕ್ಕನ ಗಂಡ ಲಾರಿ ಓಡಿಸುತ್ತಿದ್ದರು, ಸೋಲಾಪುರದ ರಸ್ತೆಯಲ್ಲಿ ಅಪಘಾತವಾಗಿ ತೀರಿಕೊಂಡರು. ಅಂಥವಳ ಮುಂದೆ ಚಕ್ರ, ಅಮಾವಾಸ್ಯೆ ಎಂದೆಲ್ಲ ಹೇಗೆ ಬಾಯಿಬಿಡುವುದು? ಆಕೆ ಕುಕ್ಕರಿನ ಕಡೆ ತಿರುಗಿದಳು. ಆಕೆಯೂ ಏನೋ ಹೇಳಲು ಬಂದು ನುಂಗಿಕೊಂಡಂತೆ ನನಗೆ ಅನ್ನಿಸಿತು.

ಮರುದಿನ ಮೂರನೆಯ ಅಂಗಡಿ. ಸೇಡಂ ಕಡೆಯಿಂದ ಬಂದು ನಲ್ಲಗಂಡ್ಲದ ಬಳಿ ಶೆಡ್ ಹಾಕಿಕೊಂಡಿದ್ದ ಒಬ್ಬ ಮಿಸ್ತ್ರಿ. ನನ್ನ ಮಾತಿನ ಧಾಟಿ ಕೇಳಿದ ಕೂಡಲೇ, "ನಮ್ಮ ಕಡ್ಯಾವ್ರ ಅದೀರಲ್ಲರಿ, ಕುಂದರಿ, ಚಾ ತರಸ್ತೀನಿ," ಎಂದು ಕನ್ನಡಕ್ಕೆ ಬಂದ. ಊರಿನವನು ಸಿಕ್ಕರೆ ಚೌಕಾಸಿಗೆ ಬಾಯಿ ಬರುವುದಿಲ್ಲ, ಅದೊಂದು ನಷ್ಟ. ಆದರೆ ಅವನು ಉಳಿದವರಂತೆ ಚಕ್ರವನ್ನು ನೇರ ಮಷಿನ್ನಿಗೆ ಹಾಕಲಿಲ್ಲ. ಮೊದಲು ಬಿಸಿಲಿಗೆ ಹಿಡಿದು ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ. ಒಂದು ಕಡೆ ಬೆರಳು ನಿಂತಿತು.

"ಸಾಹೇಬ್ರ, ಇದು ಉದುರಿದ್ದಲ್ಲರಿ. ಯಾರೋ ಕಿತ್ತ್ಯಾರ."

"ಕಿತ್ತ್ಯಾರ ಅಂದ್ರ?"

"ಇಲ್ಲಿ ನೋಡ್ರಿ. ಪಾನಾ ಅಲ್ಲ, ಪೇಚಕಸ್, ಅದೇ ಸ್ಕ್ರೂಡ್ರೈವರ್ ಹಾಕಿ ಮೀಟ್ಯಾರ. ಒಂದ ಸಲ ಅಲ್ಲ, ಮೂರು ಗಾಯ ಅದಾವ. ಒಂದರ ಮ್ಯಾಲ ಒಂದು. ಮೀಟಿದಾಗೊಮ್ಮಿ ಅಂಚು ಒಂದಿಷ್ಟು ಸೊಟ್ಟಾಗೈತಿ. ಅದಕ್ಕ ಸಲಕ್ಕೊಮ್ಮಿ ಸೀಸ ಜಾಸ್ತಿ ಬೇಡತೈತಿ." ಮಷಿನ್ನಿಗೆ ಹಾಕಿ ತಿರುಗಿಸಿದ. ಕೆಂಪು ದೀಪದಲ್ಲಿ ಇಪ್ಪತ್ತೈದು ಎಂದು ಬಂತು. ಅವನು ತುಂಡನ್ನು ಕಚ್ಚಿಸಿ, ಬಡಿದು ಕೂರಿಸಿ, ನನ್ನ ಕಡೆ ನೋಡದೆ ಕೇಳಿದ, "ನಿಮಗ ಯಾರರ ಆಗದವ್ರು ಅದಾರೇನ್ರಿ?"

ದಲ್ಲಾಳಿಗೆ ಆಗದವರು ಯಾರಿರುವುದಿಲ್ಲ? ಒಬ್ಬೊಬ್ಬರ ಮುಖವೂ ಕಣ್ಣಮುಂದೆ ಬಂತು. ಮೋಸವಾಯಿತೆಂದು ಶಾಪ ಹಾಕಿದವರು, ಗಿರಾಕಿ ಕಿತ್ತುಕೊಂಡೆನೆಂದು ಮಾತು ಬಿಟ್ಟವರು. ಆದರೆ ಇವರಲ್ಲಿ ಯಾರು ತಿಂಗಳಿಗೊಮ್ಮೆ, ಅದೂ ಅಮಾವಾಸ್ಯೆ ನೋಡಿಕೊಂಡು, ನಮ್ಮ ಸೆಲ್ಲಾರಿಗೆ ಇಳಿದು, ಬೇರೆ ಏನನ್ನೂ ಮುಟ್ಟದೆ, ನನ್ನ ಮಗಳು ಕೂರುವ ಗಾಡಿಯ ಒಂದೇ ಚಕ್ರದಿಂದ ಒಂದೇ ತುಂಡು ಕಿತ್ತುಕೊಂಡು ಹೋಗುತ್ತಾರೆ? ದ್ವೇಷವಿದ್ದವನು ಗಾಜು ಒಡೆಯುತ್ತಾನೆ, ಬ್ರೇಕಿನ ಪೈಪು ಕತ್ತರಿಸುತ್ತಾನೆ. ಇಷ್ಟು ತಾಳ್ಮೆ ಯಾರಿಗಿದೆ? ದೆವ್ವವೆಂದುಕೊಂಡಾಗ ಆಗದಿದ್ದ ಹೆದರಿಕೆ ಮನುಷ್ಯರೆಂದು ತಿಳಿದ ಮೇಲೆ ಆಯಿತು.

ಮಗಳಿಗೆ ಮುಂದಿನ ಅಮಾವಾಸ್ಯೆ ಕಳೆಯುವವರೆಗೆ ಬಸ್ಸಿನಲ್ಲಿ ಹೋಗು ಎಂದೆ. ಯಾಕೆ ಎಂದು ಹೇಳಲಿಲ್ಲ.

"ಗಾಡಿ ಕೊಡಿಸಿ ಬಸ್ ಹತ್ತು ಅಂತೀಯಲ್ಲಪ್ಪಾ. ಎರಡು ಬಸ್, ಒಂದು ಶೇರ್ ಆಟೋ. ನಾನೇನ ಸಣ್ಣಾಕೆನ? ಹೋದ ವಾರ ಇಪ್ಪತ್ತೈದು ತುಂಬ್ಯಾವ ನನಗ."

"ತುಂಬಲಿ. ನಾ ಹೇಳಿದಷ್ಟು ಕೇಳು."

ಅಕ್ಕ ಒಳಗಿನಿಂದ, "ಬಸ್ಸಿನ್ಯಾಗ ಹೋಗ್ಲಿ ಬಿಡವ್ವಾ, ಒಳ್ಳೇದ ಐತಿ," ಎಂದಳು. ಯಾವುದಕ್ಕೂ ಮಗಳ ಪರ ನಿಲ್ಲುವ ಅಕ್ಕ ಅವತ್ತು ನನ್ನ ಪರ ನಿಂತದ್ದು ವಿಚಿತ್ರವೆನಿಸಿತು. ಆದರೆ ಅದನ್ನು ಹಿಡಿದು ಎಳೆಯಲಿಲ್ಲ.

ನಾನು ವಾಚ್‌ಮನ್‌ನನ್ನು ಒಂದು ಕಣ್ಣಲ್ಲಿ, ಮೇಲಿನ ಮನೆಗಳ ಡ್ರೈವರುಗಳನ್ನು ಇನ್ನೊಂದು ಕಣ್ಣಲ್ಲಿ ಇಟ್ಟೆ. ದಿನಕ್ಕೆ ಮೂರು ಸಲ ಕೆಳಗಿಳಿದು ಎಡಚಕ್ರದ ಅಂಚಿಗೆ ಬೆರಳಿಟ್ಟು ನೋಡುತ್ತಿದ್ದೆ. ಸೀಸ ಅಲ್ಲಿಯೇ ಇರುತ್ತಿತ್ತು, ತಣ್ಣಗೆ, ಮೈಮೇಲೆ ತನ್ನ ಅಂಕಿ ಹೊತ್ತುಕೊಂಡು.

ಮುಂದಿನ ಅಮಾವಾಸ್ಯೆ, ಅಂದರೆ ಅವರಾತ್ರಿ ಅಮಾವಾಸ್ಯೆಯ ದಿನ, ಬೆಳಕು ಹರಿಯುವ ಮೊದಲೇ ಎದ್ದು ಕೆಳಗೆ ಹೋದೆ. ಸೀಸ ಇತ್ತು. ಉಸಿರು ಬಿಟ್ಟು, ಪಂಪಿನ ಪಕ್ಕದ ಕಂಬದ ಹಿಂದೆ ನಿಂತೆ. ಬರುವವನು ಬರುವುದಿದ್ದರೆ ಅಕ್ಕ ಪೂಜೆ ಮುಗಿಸಿ ಹೋದ ಮೇಲೆ ಬರುತ್ತಾನೆ ಎಂಬ ಲೆಕ್ಕ. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಬಕೆಟ್ಟಿನ ಸದ್ದು. ಅಕ್ಕ ಬಂದಳು. ಕತ್ತಲಲ್ಲಿ ದಿಢೀರನೆ ಎದುರಾದರೆ ಹೆದರಿಯಾಳು ಎಂದು ಸುಮ್ಮನೆ ನಿಂತೆ.

ಗಾಡಿ ತೊಳೆದಳು. ಬಾನೆಟ್ಟಿಗೆ ಕುಂಕುಮ ಹಚ್ಚಿದಳು. ಕಾಯಿ ಒಡೆದಳು. ಎಲ್ಲ ಸರಿ. ಆಮೇಲೆ ಹಿಂದೆ ಮುಂದೆ ನೋಡಿ, ಮುಂದಿನ ಎಡಚಕ್ರದ ಎದುರು ಕುಕ್ಕರಗಾಲಲ್ಲಿ ಕೂತಳು. ದೀಪವನ್ನು ಚಕ್ರದ ಹತ್ತಿರ ಹಿಡಿದಳು. ಹಿಡಿದವಳು ಕಲ್ಲಾದಳು.  ಬಳಿಕ ಚಕ್ರದೊಂದಿಗೆ ಮಾತಾಡಿದಳು, ಮನೆಯಲ್ಲಿ ನಾನೆಂದೂ ಕೇಳದ ದನಿಯಲ್ಲಿ.

"ಬಂದೀಯಾ? ಮತ್ತ ಬಂದೀಯಾ? ಇಪ್ಪತ್ತೈದಕ್ಕ ಬಂದು ನಿಂತೀಯಾ ರಂಡೀಗಂಡಾ?"

 ಆಕೆ ಸೆರಗಿನ ಗಂಟಿನಿಂದ ನನ್ನದೇ ಪೇಚಕಸ್ಸನ್ನು ತೆಗೆದು, ಚಕ್ರದ ಅಂಚಿಗೆ ಕೊಟ್ಟು, ಒಡೆದ ಕಾಯಿಯ ಚಿಪ್ಪಿನಿಂದ ಅದರ ಹಿಡಿಗೆ ಬಡಿಯತೊಡಗಿದಳು. ಏಟು ಒಂದೂ ಸರಿಯಾಗಿ ಬೀಳಲಿಲ್ಲ.

"ಅಕ್ಕಾ!"

ಪೇಚಕಸ್ ನೆಲಕ್ಕೆ ಬಿತ್ತು. ನನ್ನನ್ನು ನೋಡಿ ಆಕೆ ಓಡಿಹೋಗಲಿಲ್ಲ. ಬದಲಿಗೆ ಕೈಚಾಚಿ ನನ್ನ ಅಂಗಿ ಹಿಡಿದುಕೊಂಡಳು.

"ಸನೇಕ ಬರಬ್ಯಾಡೋ ತಮ್ಮಾ, ಮುಟ್ಟಬ್ಯಾಡ. ಯಾರೋ ಮಾಟಾ ಮಾಡಿಸ್ಯಾರ ಗಾಡಿಗೆ."

"ಯಾವ ಮಾಟ?"

"ಸೀಸಾ ಕಾಣಸವಲ್ದೇನ? ನಿಮ್ಮ ಮಾಮಾ ಹೋದಾಗ ಲಾರಿ ಗಾಲ್ಯಾಗ ಇಂಥಾದ್ದ ಸಿಕ್ಕಿತ್ತು. ಸೀಸದ ತಗಡು, ಮ್ಯಾಲ ಅಂಕಿ ಬರದಿದ್ರು. ನಾ ನನ್ನ ಕಣ್ಣೀಲೆ ನೋಡೀನಿ. ದೀಪಾವಳಿಗೆ ಗಾಡಿ ತೊಳೀಬೇಕಾದ್ರ ಮೊದಲ್ನೇದ ಕಾಣ್ತು. ಹತ್ತು ಅಂತ ಇತ್ತು. ಕಿತ್ತು ಉಪ್ಪಿನ್ಯಾಗ ಮುಚ್ಚಿಟ್ಟೆ. ಮುಂದಿನ ಅಮಾಸಿಗೆ ನೋಡ್ತೀನಿ, ಮತ್ತ ಐತಿ! ಹದಿನೈದು. ಅದನ್ನೂ ಕಿತ್ತೆ. ಇಪ್ಪತ್ತಾತು. ಇವತ್ತ..." ಆಕೆ ಚಕ್ರದ ಸೀಸದ ಕಡೆ ಬೆರಳು ತೋರಿಸಿದಳು. "ನಮ್ಮ ಹುಡಿಗಿಗೆ ಎಷ್ಟು ತುಂಬ್ಯಾವ ಹೇಳು. ಹೇಳೋ. ಅವರು ವರ್ಷಾ ಎಣಸಿಕೋಂತ ಬಂದಾರೋ."

ಅಕ್ಕನಿಗೆ ಅಕ್ಷರ ಬಾರದು. ಸಿಟಿ ಬಸ್ಸಿನ ನಂಬರು ಓದುವಷ್ಟು ಅಂಕಿ ಮಾತ್ರ ಈ ಊರು ಆಕೆಗೆ ಕಲಿಸಿತ್ತು.

ನಗಬೇಕಾಗಿತ್ತು. ನಗು ಬರಲಿಲ್ಲ. ಎಲ್ಲ ಗೊತ್ತಿದ್ದೂ ಆ ದೀಪದ ಬೆಳಕಿನಲ್ಲಿ ಇಪ್ಪತ್ತೈದು ಎಂಬ ಅಂಕಿಯನ್ನು ನೋಡಿ ನಾನೂ ಮಗಳ ವಯಸ್ಸು ಲೆಕ್ಕ ಹಾಕಿದೆ. ನಾನು ಸೀಸ ಹಾಕಿಸುತ್ತಿದ್ದೆ, ಆಕೆ ಕೀಳುತ್ತಿದ್ದಳು. ನಾನು ಹಾಕಿಸಿದ್ದನ್ನು ನೋಡಿ ಆಕೆ ಹೆದರುತ್ತಿದ್ದಳು, ಆಕೆ ಕಿತ್ತದ್ದರಿಂದ ಗಾಡಿ ನಡುಗಿ ನಾನು ಹೆದರುತ್ತಿದ್ದೆ. ಆ ಅಂಕಿಯನ್ನು ಏರಿಸಿದ್ದು ಆಕೆಯದೇ ಪೇಚಕಸ್ಸು. ನಡುವೆ ಹುಡುಗಿ ದಿನವೂ ಲಾರಿಗಳ ಪಕ್ಕದಲ್ಲಿ ಆ ಗಾಡಿ ಓಡಿಸುತ್ತಿದ್ದಳು. ಅವಳಿಗೆ ಏನೂ ಆಗಬಾರದೆಂದು ಇಬ್ಬರೂ ಸೇರಿ ಏನು ಮಾಡಿಬಿಡುತ್ತಿದ್ದೆವೋ!

"ನನಗ ಒಂದ ಮಾತ ಹೇಳಬಾರದಿತ್ತೇನಕ್ಕಾ?"

"ಮಾಟದ ಹೆಸರ ಬಾಯ್ಲೆ ಅಂದ್ರ ಹತ್ಕೊಂತೈತಿ ಅಂತಾರ. ನೀ ಗಾಡಿ ನಡಗತೈತಿ ಅಂತ ನನಗ ಹೇಳೀಯೇನ?"

ಬಿದ್ದಿದ್ದ ಪೇಚಕಸ್ಸನ್ನು ಎತ್ತಿ ಜೇಬಿಗೆ ಹಾಕಿಕೊಂಡೆ. ಇನ್ನೊಂದು ಮಾತನ್ನೂ ನಾಚಿಕೆ ಬಿಟ್ಟು ಬರೆಯುತ್ತೇನೆ, ನಿಮಗಾದರೂ ಉಪಯೋಗಕ್ಕೆ ಬರಲಿ. ಸಲಕ್ಕೊಂದು ಅಂಗಡಿ ಬದಲಿಸದೆ ಒಬ್ಬನ ಹತ್ತಿರವೇ ಹೋಗಿದ್ದರೆ, ಎರಡನೆಯ ಸಲವೇ ಅವನಿಗೆ ಆ ಗಾಯ ಕಾಣುತ್ತಿತ್ತು. ಉಳಿದ ಸಾಮಾನಿಗೆ ಎಷ್ಟು ಬೇಕಾದರೂ ಅಂಗಡಿ ತಿರುಗಿ. ತಿರುಗಿ ತಿರುಗಿ ಬರುವ ರೋಗಕ್ಕೆ ಮಾತ್ರ ಒಬ್ಬನೇ ವೈದ್ಯನಿರಲಿ.

ಬಾಯಿಮಾತಿನ ವಿವರಣೆಯನ್ನು ಅಕ್ಕ ನಂಬಲಿಲ್ಲ. ಒಂಬತ್ತು ಗಂಟೆಗೆ ಸೇಡಂನವನ ಶೆಡ್ಡಿಗೆ ಕರೆದುಕೊಂಡು ಹೋದೆ. ಅವನು ಇಡೀ ಡಬ್ಬಿ ಸೀಸ ಆಕೆಯ ಮುಂದೆ ಸುರಿದ. "ನೋಡ್ರಿ ಅವ್ವಾರ, ಐದು, ಹತ್ತು, ಮೂವತ್ತು, ಎಲ್ಲಾ ನಂಬರ್ ಅದಾವ. ಇಷ್ಟು ಮಾಟಾ ಮಾಡಾಕ ನನಗೆಲ್ಲಿ ಪುರಸತ್ತೈತ್ರಿ?" ಅಕ್ಕ ನಗಲಿಲ್ಲ. ಅವನು ಎಡಚಕ್ರ ಬಿಚ್ಚಿ, ಬಾಗಿದ ಅಂಚನ್ನು ಬಡಿದು ನೆಟ್ಟಗೆ ಮಾಡಲು ನೋಡಿದ. ಪೂರಾ ಆಗಲಿಲ್ಲ. ಸೀಸ ತೆಗೆದು ಬರಿಯ ಚಕ್ರವನ್ನು ಮಷಿನ್ನಿಗೆ ಹಾಕಿ ತಿರುಗಿಸಿದ. ಚಕ್ರ ಗುಂಯ್ ಎಂದು ತಿರುಗಿ ನಿಂತಿತು. ಕೆಂಪು ದೀಪದಲ್ಲಿ ಮತ್ತೆ ಇಪ್ಪತ್ತೈದು.

ಅಕ್ಕ ಒಂದು ಹೆಜ್ಜೆ ಹಿಂದೆ ಸರಿದಳು. "ಇದೂ ಅದನ್ನ ಹೇಳತೈತಲ್ಲೋ."

  ಗ್ರಾಂ ಎಂದರೇನು, ತೂಕವೆಂದರೇನು ಎಂದು ನಾನು ಮತ್ತೆ ಶುರುಮಾಡಿದೆ. ಆಕೆ ಕೈಯೆತ್ತಿ ತಡೆದಳು. ಯೋಚಿಸುತ್ತಿದ್ದಳು. ಆಮೇಲೆ ಮಿಸ್ತ್ರಿಯ ಕಡೆ ತಿರುಗಿ, ಸಂತೆಯಲ್ಲಿ ಬದನೆಕಾಯಿ ಕೇಳುವ ದನಿಯಲ್ಲಿ ಕೇಳಿದಳು.

"ಇದ ಒಂದ ತುಂಡ ಆಗಬೇಕೇನಪಾ? ಹತ್ತೂ ಹದಿನೈದೂ ಎರಡು ಮಾಡಿ ಹಾಕಿದ್ರ ನಡೀತೈತೇನ?"

ಅವನು ನನ್ನ ಮುಖ ನೋಡಿದ. ನಾನು ಆಕೆಯ ಮುಖ ನೋಡಿದೆ. ನಮ್ಮ ಮನೆಯ ಚೌಕಾಸಿ ನನ್ನಿಂದ ಶುರುವಾದದ್ದಲ್ಲ ಎಂದು ಅವತ್ತು ಗೊತ್ತಾಯಿತು.

"ಯಾಕ ನಡ್ಯಂಗಿಲ್ರಿ ಅವ್ವಾರ? ಬಾಜೂಬಾಜೂಕ ಹಾಕಿದ್ರಾತು."

"ಹಾಕು ಮತ್ತ."

ಹಾಕಿದ. ಮಷಿನ್ ತಿರುಗಿತು. ಈ ಸಲ ಎರಡು ಸೊನ್ನೆ ಬಂದವು. ಅಕ್ಕ ಬಗ್ಗಿ ಆ ಸೊನ್ನೆಗಳನ್ನು ಬಹಳ ಹೊತ್ತು ನೋಡಿದಳು, ಹಿಂದಿನಿಂದ ಇನ್ನೇನಾದರೂ ಅಂಕಿ ಇಣುಕುತ್ತದೋ ಎಂಬಂತೆ. ಬಳಿಕ ಆ ಎರಡು ಸೀಸಕ್ಕೂ ಬೆರಳಲ್ಲಿ ಉಳಿದಿದ್ದ ಕುಂಕುಮ ಹಚ್ಚಿದಳು.

ಅಲ್ಲಿಂದ ನೇರ ಹೊರವರ್ತುಲ ರಸ್ತೆಗೆ ಹೋಗಿ ನಾನೇ ನೂರಿಪ್ಪತ್ತರವರೆಗೆ ಓಡಿಸಿ ನೋಡಿದೆ. ಆ ಕೋಣೆ ಖಾಲಿಯಾಗಿತ್ತು. ಆದರೆ ಅಕ್ಕನಿಗೆ ನಾನು ಓಡಿಸಿದ್ದು ಸಾಕಾಗಲಿಲ್ಲ.

"ನೀ ಓಡಿಸಿದ್ರ ಏನಾತು? ಅಂಕಿ ಬಂದದ್ದು ಆಕಿ ಹೆಸರ್ಲೆ. ನಾಳೆ ಆಕಿ ಓಡಸಲಿ, ನಾ ಬಾಜೂಕ ಕೂಡತೀನಿ. ಆಗೂದಿದ್ರ ಇಬ್ಬರಿಗೂ ಆಗ್ಲಿ."

"ಇಡೀ ದಿನಾ ಆಕಿ ಕೆಲಸದಾಗ ಇರತಾಳಕ್ಕಾ. ನೀ ಅಲ್ಲಿ ಏನ ಮಾಡ್ತಿ?"

"ಗೇಟಿನ್ಯಾಗ ಕೂಡತೀನಿ. ಬುತ್ತಿ ಕಟ್ಕೊಂತೀನಿ."

ಗಂಡ ಹೋದಾಗಿನಿಂದ ಅಕ್ಕ ಯಾವ ಗಾಡಿಯಲ್ಲೂ ಮುಂದಿನ ಸೀಟಿನಲ್ಲಿ ಕೂತವಳಲ್ಲ. ಮರುದಿನ ಬೆಳಿಗ್ಗೆ ಬುತ್ತಿಗಂಟು ತೊಡೆಯ ಮೇಲಿಟ್ಟುಕೊಂಡು ಮುಂದೆ ಕೂತಳು. ಮಗಳಿಗೆ ರಾತ್ರಿಯೇ ಎಲ್ಲ ಹೇಳಿದ್ದೆ. ಅವಳು ಒಂದೂ ತಮಾಷೆ ಮಾಡದೆ ಅತ್ತೆಯ ಬೆಲ್ಟು ತಾನೇ ಹಾಕಿದಳು. ಗಾಡಿ ಸೆ‌ಲ್ಲಾರಿನ ಇಳಿಜಾರು ಏರಿ ಬಿಸಿಲಿಗೆ ಹೋಯಿತು. ನಾನು ಮೇಲೆ ಬಂದು ಫೋನನ್ನು ಮೇಜಿನ ಮೇಲಿಟ್ಟು ಅದರ ಮುಂದೆಯೇ ಕೂತೆ. ಇಬ್ಬರು ಗಿರಾಕಿಗಳ ಕರೆ ಬಂತು, ಕತ್ತರಿಸಿದೆ. ನನ್ನ ಜೀವಮಾನದಲ್ಲಿ ಹಾಗೆ ಮಾಡಿದವನಲ್ಲ.

ಮುಕ್ಕಾಲು ಗಂಟೆಯ ಮೇಲೆ ಮಗಳ ಫೋನು ಬಂತು.

"ಅಪ್ಪಾ, ಬಂದು ಮುಟ್ಟಿದ್ವಿ. ಪಾರ್ಕಿಂಗಿನ್ಯಾಗ ಅದೀವಿ."

"ತೊಂಬತ್ತು ದಾಟಿಸಿದೇನ?"

"ನೂರರ ಮ್ಯಾಲೂ ಬಂದೆ. ಏನೂ ಇಲ್ಲ, ಒಂಚೂರು ಅಲುಗಾಡಲಿಲ್ಲ."

"ಮತ್ಯಾಕ ದನಿ ಹಿಂಗ ಐತಿ ನಿಂದು?"

ಅವಳು ಗಾಡಿಯಿಂದ ಇಳಿದು ಬಾಗಿಲು ಮುಚ್ಚಿದ ಸದ್ದು ಕೇಳಿತು. ಆಮೇಲೆ ಮೆಲ್ಲಗೆ ಹೇಳಿದಳು. "ಗಾಡಿ ನಡಗಲಿಲ್ಲಪ್ಪಾ. ಅತ್ತಿ ಕೈ ನಡಗಾಕತ್ತಾವ. ಗಾಡಿ ನಿಲ್ಲಿಸಿ ಹತ್ತು ನಿಮಿಷಾತು, ಇನ್ನೂ ನಿಂತಿಲ್ಲ. ಡ್ಯಾಶ್‌ಬೋರ್ಡ್ ಹಿಡಕೊಂಡು ಕುಂತಾಳ, ಬಿಡವಲ್ಲಳು."

"ಕೈ ಹಿಡಿ ಆಕಿದು. ಗಟ್ಟಿಯಾಗಿ ಹಿಡಿ. ಚಾ ಕುಡಸು, ಸಕ್ರಿ ಜಾಸ್ತಿ ಹಾಕ್ಸು. ನಾ ಬರತೀನಿ," ಎಂದು ಚಪ್ಪಲಿ ಹುಡುಕುತ್ತ ಎದ್ದೆ. ಫೋನಿನ ಆಚೆ ಬಾಗಿಲು ತೆರೆದ ಸದ್ದು, ಬೆಲ್ಟು ಬಿಚ್ಚಿದ ಸದ್ದು. ದೂರದಿಂದ ಅಕ್ಕನ ದನಿ ಕೇಳಿತು, ತಡವರಿಸುತ್ತ, ಒಂದೇ ಮಾತನ್ನು ಮತ್ತೆ ಮತ್ತೆ.

"ಮುಟ್ಟಿದ್ವಿ ಅಂತ ಹೇಳವ್ವಾ. ನಿಮ್ಮಪ್ಪಗ ಮುಟ್ಟಿದ್ವಿ ಅಂತ ಹೇಳು."